ಲೇಡೀಸ್ ಗೇಟಿನಿಂದ ಬಾಲ್ಕನಿಗೆ ಹತ್ತಿದವಳು

ಯಾದಗಿರಿಯಲ್ಲಿ ಹೊಸದಾಗಿ ಶುರುವಾದ ಚಿತ್ರಮಂದಿರದಲ್ಲಿ ನಮ್ಮ ಓಣಿಯ ಹುಡುಗಿಯೊಬ್ಬಳು ಗೇಟಿನ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಕೆಲಸದ ಬಟ್ಟೆಯಲ್ಲೇ ನನ್ನನ್ನು ನೋಡಲು ಬಂದಳು. ಕರಿ ಪ್ಯಾಂಟು, ಕೆಂಪು ಅಂಗಿ, ಕಾಲಿಗೆ ಬೂಟು, ಕೈಯಲ್ಲಿ ತಿಕೀಟು ಓದುವ ಪುಟ್ಟ ಯಂತ್ರ. ಕೂರಲು ಕುರ್ಚಿ ಕೊಡುತ್ತಾರಂತೆ, ಒಳಗೆ ಎಸಿಯಂತೆ.

"ಅಮ್ಮಾ, ಸುರಪುರದ ಟಾಕೀಸಿನಾಗ ಅಷ್ಟು ವರ್ಷ ಗೇಟ್ ಕಾದೀರಂತ. ಆವಾಗ ಹೆಂಗಿತ್ರಿ ಕೆಲಸ?" ಎಂದು ಕೇಳಿದಳು.

ನಾನು ಅವಳ ಬೂಟನ್ನೇ ನೋಡುತ್ತ ಕುಳಿತಿದ್ದೆ. ಈ ವಯಸ್ಸಿನಲ್ಲಿಯೂ ಒಂದು ಚಿಕ್ಕ ಹುಡುಗಿಯ ಬೂಟು ನೋಡಿ ಹೊಟ್ಟೆ ಉರಿಯುತ್ತದಲ್ಲ ಎಂದು ನನಗೇ ನಗು ಬಂತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳಿದ್ದೇನೆ. ಶಾಲೆಯಲ್ಲಿ ಟೀಚರ್ ಆಗಿರುವ ನನ್ನ ಸೊಸೆ ಬರೆದುಕೊಂಡಳು. ಮಾತು ನನ್ನದು, ವ್ಯಾಕರಣ ಅವಳದು.

ನನ್ನ ಹೆಸರು ನಾಗಮ್ಮ. ತೌರುಮನೆ ಬೋನಾಳ. ಗಂಡ ಹಣಮಂತ ಟಾಕೀಸಿನ ಪೋಸ್ಟರ್ ಬಂಡಿ ತಳ್ಳುತ್ತಿದ್ದ. ಅಂಟಿನ ಡಬ್ಬಿ, ಬ್ರಷು ಇಟ್ಟುಕೊಂಡು ಸಂತೆಯ ಊರುಗಳಿಗೆಲ್ಲ ಹೋಗಿ ಗೋಡೆಗೆ ಸಿನಿಮಾ ಹಚ್ಚಿ ಬರುವುದು ಅವನ ಕೆಲಸ. ಹೆಂಗಸರ ಗೇಟಿಗೆ ಹೆಂಗಸೇ ಬೇಕೆಂದು ಮ್ಯಾನೇಜರ್ ಶ್ಯಾಮರಾಯರು ಹುಡುಕುತ್ತಿದ್ದಾಗ ಇವನು ನನ್ನ ಹೆಸರು ಹೇಳಿದ. ಏಳನೇ ಇಯತ್ತೆ ಓದಿದ್ದೆ, ದನಿ ದೊಡ್ಡದಿತ್ತು. ಶ್ಯಾಮರಾಯರಿಗೆ ಬೇಕಾಗಿದ್ದದ್ದು ಎರಡನೆಯದು.

ನಮ್ಮ ಟಾಕೀಸಿನಲ್ಲಿ ಮೂರು ದರ್ಜೆ: ಬೆಂಚು, ಕುರ್ಚಿ, ಬಾಲ್ಕನಿ. ಬೆಂಚಿನಲ್ಲಿ ಗಂಡಸರಿಗೆ ಒಂದು ಕಡೆ, ಹೆಂಗಸರಿಗೆ ಒಂದು ಕಡೆ, ನಡುವೆ ಮೋಟುಗೋಡೆ, ಅದರ ಮೇಲೊಂದು ಪರದೆ. ಹೆಂಗಸರು ಓಣಿಯ ಕಡೆಯ ಸಣ್ಣ ಬಾಗಿಲಿನಿಂದ ಬರಬೇಕು. ಅದೇ ಲೇಡೀಸ್ ಗೇಟು. ಅದರ ಪಕ್ಕದಲ್ಲೇ ಬಾಲ್ಕನಿಯ ಮೆಟ್ಟಿಲು. ಎರಡನ್ನೂ ನಾನೇ ನೋಡಿಕೊಳ್ಳುತ್ತಿದ್ದೆ. ಒಂದು ಕೈಯಿಂದ ಬೆಂಚಿನವರನ್ನು ಒಳಗೆ ತಳ್ಳುತ್ತ, ಇನ್ನೊಂದು ಕೈಯಿಂದ ಬಾಲ್ಕನಿಯವರಿಗೆ ಬಾಗಿಲು ತೆರೆಯುತ್ತಿದ್ದೆ. ಕೆಲಸವೆಂದರೆ ಅಷ್ಟೇ. ಆದರೆ ದಿನವಿಡೀ ಇಂಥ ಜಾಗದಲ್ಲಿ ನಿಂತರೆ ಮನುಷ್ಯರಿಗೆ ಏನಾಗುತ್ತದೆ ಎಂಬುದನ್ನು ಯಾರೂ ಮುಂಚೆ ಹೇಳುವುದಿಲ್ಲ. ಬೆಂಚಿನವರ ಬೆವರು ನನಗೆ ಗೊತ್ತಿತ್ತು, ಏಕೆಂದರೆ ಅದು ನನ್ನದೇ. ಬಾಲ್ಕನಿಯವರ ಸೆಂಟು ಮೂಗಿನ ಮುಂದೆಯೇ ಹಾದು ಮೇಲೆ ಹೋಗುತ್ತಿತ್ತು. ಯಾವ ವಕೀಲರ ಹೆಂಡತಿ ಯಾವ ಸೀರೆಯನ್ನು ಎರಡನೆಯ ಸಲ ಉಟ್ಟಳು ಎಂದು ನನಗೆ ಗೊತ್ತಾಗುತ್ತಿತ್ತು. ನನ್ನ ಹೆಸರು ಏನೆಂದು ಅವರಿಗೆ ಗೊತ್ತಿರಲಿಲ್ಲ.

ಅಮಾವಾಸ್ಯೆಯ ದಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ ಹೆಂಗಸರು ತುಂಬಿಕೊಂಡು ಬರುತ್ತಿದ್ದರು. ರೊಟ್ಟಿ ಗಂಟು, ಕೂಸು, ಕೂಸಿನ ಕುಲಾಯಿ ಎಲ್ಲ ಸಮೇತ. ಸಿನಿಮಾ ನಡೆಯುವಾಗಲೇ ಪರದೆಯ ಆಚೆಯಿಂದ ಗಂಡಂದಿರ ಕೂಗು: "ಏ ಇಕಿನ, ಏಳ! ಬಸ್ ಹೋಗಾಕತ್ತೈತಿ!" ಯಾರ ಗಂಡ, ಯಾವ 'ಇಕಿ' ಎಂದು ತಿಳಿಯದೆ ಹತ್ತಾರು ಹೆಂಗಸರು ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಹಿಂದಿನವರು ಬೈಯುತ್ತಿದ್ದರು. ಒಬ್ಬಳು ಪ್ರತಿ ಮಂಗಳವಾರ ಮ್ಯಾಟಿನಿಗೆ ಬಂದು, ಲೈಟು ಆರಿದ ಕೂಡಲೇ ಮಲಗಿಬಿಡುತ್ತಿದ್ದಳು. "ಮನ್ಯಾಗ ಹನ್ನೊಂದು ಮಂದಿ ಅದೀವ್ರಿ, ಇಲ್ಲಾದ್ರ ನಿದ್ದಿ ಹತ್ತತೈತಿ" ಎಂದಳು. ಅವಳು ಮಲಗಲೆಂದು ಮೂಲೆಯ ಬೆಂಚು ಬಿಡಿಸಿಕೊಡುತ್ತಿದ್ದೆ. ಇನ್ನೊಬ್ಬಳಿಗೆ ಹೊಡೆದಾಟದ ದೃಶ್ಯದ ನಡುವೆ ಹೆರಿಗೆ ನೋವು ಬಂತು. ನಾನು ಆಪರೇಟರ್‌ಗೆ ಕೂಗಿ ಹೇಳಿದರೂ ಅವನು ಸಿನಿಮಾ ನಿಲ್ಲಿಸಲಿಲ್ಲ. ಗಂಡಸರ ಕಡೆ ಶಿಳ್ಳೆ, ಹೆಂಗಸರ ಕಡೆ ಕೂಸಿನ ಅಳು. ಮಗುವಿಗೆ ಹೀರೊನ ಹೆಸರೇ ಇಟ್ಟರಂತೆ.

ಶ್ಯಾಮರಾಯರ ಬಗ್ಗೆಯೂ ಹೇಳಬೇಕು. ನಿಜಾಮನ ಕಾಲದಲ್ಲಿ ಅವರ ತಂದೆ ಯಾವುದೋ ಕಚೇರಿಯಲ್ಲಿ ಇದ್ದರಂತೆ. ಹಾಗಾಗಿ ಅವರಿಗೆ ದರ್ಜೆ ಎಂದರೆ ಪ್ರಾಣ. ಬೆಂಚಿನವರು ಬಾಲ್ಕನಿಯ ನಲ್ಲಿಯಲ್ಲಿ ನೀರು ಕುಡಿದರೆ ಓಡಿ ಬರುತ್ತಿದ್ದರು. "ಇಜ್ಜತ್ ಅಂಬೋದು ಮೆಟ್ಟಲದ ಮ್ಯಾಲೆ ಐತಿ ನಾಗಮ್ಮ. ನೀ ಕೆಳಗ ಕಾಯಬೇಕು ಅದನ್ನ" ಎನ್ನುತ್ತಿದ್ದರು. ಕೆಟ್ಟವರಲ್ಲ. ನನ್ನ ಬಾಣಂತನದಲ್ಲಿ ಪಗಾರ ಹಿಡಿಯದೆ ಕೊಟ್ಟವರು. ಆದರೆ ನನಗೆ ಒಮ್ಮೆಯೂ ಬಾಲ್ಕನಿಯಲ್ಲಿ ಕೂತು ಸಿನಿಮಾ ನೋಡು ಎನ್ನಲಿಲ್ಲ.

ಸುಭದ್ರಾ ಬಂದದ್ದು ನಾನು ಸೇರಿ ಕೆಲವು ವರ್ಷಗಳಾದ ಮೇಲೆ. ಕಕ್ಕೇರಾದ ಹುಡುಗಿ, ತಂದೆ ಇಲ್ಲ, ತಾಯಿ ಕೂಲಿ. ಹೆಂಗಸರ ಕಡೆ ಕಸ ಗುಡಿಸುವುದು, ಇಂಟರ್‌ವಲ್ಲಿನಲ್ಲಿ ಸೋಡಾ ಶೇಂಗಾ ಮಾರುವುದು ಅವಳ ಕೆಲಸ. ಅಕ್ಕಾ, ಅಕ್ಕಾ ಎಂದು ನನ್ನ ಬೆನ್ನು ಬಿಡುತ್ತಿರಲಿಲ್ಲ. ನಾನೇ ಎಲ್ಲ ಕಲಿಸಿದೆ. ಕುಡಿದು ಬಂದ ಗಂಡಸನ್ನು ಹೇಗೆ ಹೊರಗೆ ಹಾಕಬೇಕು, ಬಾಲ್ಕನಿಯವರಿಗೆ ಸೋಡಾ ಕೊಡುವಾಗ ಗಾಜಿನ ಲೋಟವನ್ನು ಹೇಗೆ ಹಿಡಿಯಬೇಕು, ಎಲ್ಲ. ಬಣ್ಣದಲ್ಲಿ ನನಗಿಂತ ಕಪ್ಪು. ಓದು ನನಗಿಂತ ಕಡಿಮೆ. ಇದನ್ನು ಏಕೆ ಹೇಳುತ್ತಿದ್ದೇನೆಂದರೆ, ಆಮೇಲಿನ ವರ್ಷಗಳಲ್ಲಿ ನಾನು ಇದನ್ನೇ ಲೆಕ್ಕ ಹಾಕುತ್ತ ಕೂತಿದ್ದೆ.

ಆ ವರ್ಷ ಹತ್ತಿ ಸುಗ್ಗಿಯ ಹೊತ್ತಿಗೆ ನಮ್ಮಲ್ಲಿ ಒಂದು ಹಳೆಯ ಕಪ್ಪು ಬಿಳುಪು ಸಿನಿಮಾ ಬಂತು. ನಮ್ಮ ಹೆಂಗಸರು ಅದನ್ನು 'ಬಳೆಗಾರ್ತಿ ಸಿನಿಮಾ' ಎಂದೇ ಕರೆಯುತ್ತಿದ್ದರು. ಬಳೆಗಾರನ ಮಗಳೊಬ್ಬಳು ಬಳೆ ತೊಡಿಸಲು ಜಮೀನ್ದಾರರ ಮನೆಗೆ ಹೋಗುತ್ತಾಳೆ. ಅಲ್ಲಿ ಬಂದಿದ್ದ ನೆಂಟರು ಅವಳನ್ನು ಮನೆಯ ಸೋದರ ಸೊಸೆ ಎಂದು ತಪ್ಪು ತಿಳಿಯುತ್ತಾರೆ. ಅವಳೂ ಹೌದೆನ್ನುತ್ತಾಳೆ. ಜಮೀನ್ದಾರರ ಮಗನಿಗೆ ಅವಳ ಮೇಲೆ ಮನಸ್ಸಾಗುತ್ತದೆ. ಅವಳು ಟೇಬಲ್ಲಿನ ಮೇಲೆ ಚಮಚದಲ್ಲಿ ಅನ್ನ ತಿನ್ನಲು ಹೋಗಿ, ಅನ್ನ ಹಾರಿ ಜಮೀನ್ದಾರರ ಮೀಸೆಗೆ ಬೀಳುವ ದೃಶ್ಯಕ್ಕೆ ನಮ್ಮ ಹೆಂಗಸರು ಬೆಂಚಿನಿಂದ ಕೆಳಗೆ ಬೀಳುವಷ್ಟು ನಗುತ್ತಿದ್ದರು. ಕೊನೆಗೆ ಅವಳ ತಂದೆ ಬಳೆಯ ಮಲಾರ ಹೊತ್ತು ಅದೇ ಮನೆಗೆ ಬರುತ್ತಾನೆ. ಗುಟ್ಟು ಬಯಲಾಗುತ್ತದೆ, ಅವಳು ಅಳುತ್ತ ಹೋಗುತ್ತಾಳೆ. ಹುಡುಗ ಹಿಂದೆ ಓಡಿಬಂದು, ಆ ಮಲಾರವನ್ನು ತಾನೇ ಹೊತ್ತುಕೊಂಡು ನಡೆಯುತ್ತಾನೆ. ಆಮೇಲೆ ಲಗ್ನ.

ಎರಡು ದಿನಕ್ಕೆಂದು ಬಂದದ್ದು ವಾರಗಟ್ಟಲೆ ಓಡಿತು. ಅದರಲ್ಲೊಂದು ಎಡವಟ್ಟೂ ಆಯಿತು. ಒಂದು ಮ್ಯಾಟಿನಿಯಲ್ಲಿ ನಮ್ಮ ಆಪರೇಟರ್ ರೀಲು ಅದಲುಬದಲು ಮಾಡಿದ. ಲಗ್ನ ಮೊದಲಾಗಿ, ಅಪ್ಪ ಬಳೆ ಹೊತ್ತು ಆಮೇಲೆ ಬಂದ. ಮಾಂಗಲ್ಯ ಕಟ್ಟಿಸಿಕೊಂಡವಳನ್ನು ಜಮೀನ್ದಾರ ಮತ್ತೆ "ಯಾರಮ್ಮ ನೀನು?" ಎಂದು ಕೇಳಿದ. ಗಂಡಸರು ಕುರ್ಚಿ ಬಡಿದರು. ಶ್ಯಾಮರಾಯರಿಗೆ ಕಣ್ಣೀರು ಬರುವುದೊಂದು ಬಾಕಿ. ಆದರೆ ಲೇಡೀಸ್ ಬೆಂಚಿನ ಒಬ್ಬ ಮುದುಕಿ ಸಮಾಧಾನವಾಗಿ ಎಲೆ ಅಗಿಯುತ್ತ, "ಹಿಂಗಾದದ್ದ ಚಲೋ ಆತು ತಗಿ. ಲಗ್ನಾದ ಮ್ಯಾಲೆ ಗೊತ್ತಾದ್ರ ಯಾರೇನು ಮಾಡಾವ್ರು?" ಎಂದಳು. ಹೆಂಗಸರೆಲ್ಲ ಹೌದೌದು ಎಂದರು. ಸುಭದ್ರಾ ಕೈಯಲ್ಲಿ ಸೋಡಾ ಬುಟ್ಟಿ ಹಿಡಿದು ಆ ಮುದುಕಿಯನ್ನೇ ನೋಡುತ್ತ ನಿಂತಿದ್ದಳು.

ಆ ಸಿನಿಮಾ ಓಡುವಾಗಲೇ ಯಾದಗಿರಿಯ ದೊಡ್ಡ ಸಾಹೇಬರೊಬ್ಬರ ಮನೆಯವರು ಬರುತ್ತಾರೆಂದು ಸುದ್ದಿ ಬಂತು. ಬಾಲ್ಕನಿಯ ಮುಂದಿನ ಸಾಲು ತೊಳೆಸಿದರು. ಬಂದವರನ್ನು ಬರಮಾಡಿಕೊಂಡು ಕೂರಿಸಲು ಒಬ್ಬ ಹೆಂಗಸು ಮೇಲೆ ನಿಲ್ಲಬೇಕು. ನಾನು ಆಗಲೇ ಮನಸ್ಸಿನಲ್ಲಿ ನನ್ನ ನೀಲಿ ಇಳಕಲ್ ಸೀರೆಯ ಮಡಿಕೆ ಬಿಚ್ಚಿದ್ದೆ. ಶ್ಯಾಮರಾಯರು ನಮ್ಮಿಬ್ಬರನ್ನೂ ಕರೆದು ಒಂದು ಗಳಿಗೆ ನೋಡಿದರು.

"ನಾಗಮ್ಮ, ನೀ ಗೇಟಿನಾಗ ಇರು. ಬೆಂಚಿನ ಮಂದಿಗೆ ನಿನ್ನ ದನೀನ ಬೇಕು. ಸುಭದ್ರಾ ಮ್ಯಾಲೆ ನಿಲ್ಲಲಿ. ಇಕಿಗೊಂದು ಚಲೋ ಸೀರಿ ಇದ್ರ ಕೊಡು."

ಕೊಟ್ಟೆ. ನನ್ನ ಕೈಯಿಂದಲೇ ಉಡಿಸಿದೆ. ನಾನು ಉಟ್ಟಾಗ ಅದು ಸೀರೆಯಾಗಿತ್ತು. ಅವಳು ಉಟ್ಟಾಗ ಅದೇನೋ ಬೇರೆ ಆಯಿತು. ಅವಳು ತಿರುಗಿ, "ಹೆಂಗ ಕಾಣಸ್ತೀನಿ ಅಕ್ಕಾ?" ಎಂದಳು. "ಸೆರಗು ಎಳಕೊಂಡು ಹೋಗಬ್ಯಾಡ, ಧೂಳ ಐತಿ" ಎಂದೆ.

ಸಾಹೇಬರ ಮನೆಯವರು ಬರಲಿಲ್ಲ. ಸಿನಿಮಾ ಶುರುವಾಯಿತು. ನಿಂತು ನಿಂತು ಕಾಲು ನೊಂದು ಸುಭದ್ರಾ ಅವರಿಗಾಗಿ ತೊಳೆಸಿಟ್ಟ ಕುರ್ಚಿಯಲ್ಲಿ ಕೂತುಬಿಟ್ಟಳು. ಹಿಂದಿನ ಸಾಲಿನಲ್ಲಿ ಶಹಾಪುರದ ಹತ್ತಿ ವ್ಯಾಪಾರಿಯ ಮಗ ಗುರುಪಾದ ತನ್ನ ಸೋದರತ್ತೆಯ ಜೊತೆ ಕೂತಿದ್ದ. ಸುಗ್ಗಿಯಲ್ಲಿ ಹತ್ತಿ ಖರೀದಿಗೆಂದು ಬಂದು, ಅತ್ತೆಯ ಮನೆಯಲ್ಲಿ ಉಳಿದಿದ್ದ ಹುಡುಗ. ಸಾಹೇಬರ ಮನೆಯವರು ಬರುವ ಸುದ್ದಿ ಊರಿಗೆಲ್ಲ ಗೊತ್ತಿತ್ತಲ್ಲ, ಅತ್ತೆ ಮುಂದೆ ಬಗ್ಗಿ, "ಸಾಹೇಬ್ರ ಮಗಳೇನವಾ?" ಎಂದು ಕೇಳಿದಳಂತೆ. ಸುಭದ್ರಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನೆ ನಕ್ಕಳಂತೆ. ಇಂಟರ್‌ವಲ್ಲಿನಲ್ಲಿ ಗುರುಪಾದ ಸೋಡಾ ತರಿಸಿ ಅವಳಿಗೂ ಒಂದು ಕೊಟ್ಟ. ದಿನವೂ ಸೋಡಾ ಮಾರುವವಳು ಅಂದು ಕೂತು ಸೋಡಾ ಕುಡಿದಳು.

ಸಂಜೆ ಇದನ್ನೆಲ್ಲ ಅವಳು ನಗುನಗುತ್ತ ಹೇಳಿದಾಗ ನಾನೂ ನಕ್ಕೆ. ಮನೆಗೆ ಹೋಗಿ ರೊಟ್ಟಿ ಬಡಿಯುವಾಗ ಮೂರು ರೊಟ್ಟಿ ಹರಿದವು.

ಅಲ್ಲಿಗೆ ಮುಗಿಯಬಹುದಿತ್ತು. ಮುಂದಿನ ವಾರ ಸುಭದ್ರಾ ರಜೆ ಕೇಳಿ, ಮ್ಯಾಟಿನಿಗೆ ತನ್ನ ಪಗಾರದಲ್ಲಿ ಬಾಲ್ಕನಿ ತಿಕೀಟು ತೆಗೆದುಕೊಂಡು ನನ್ನ ಮುಂದೆ ಬಂದು ನಿಂತಳು. ಮತ್ತೆ ನನ್ನದೇ ಸೀರೆ. ನಾನು ಅವಳ ಮುಖ ನೋಡಿದೆ. ಅವಳು ತಿಕೀಟು ಚಾಚಿದಳು. ಸರಿಯಾದ ತಿಕೀಟು ಇದ್ದವರನ್ನು ತಡೆಯಲು ಯಾರಿಗೂ ಬರುವುದಿಲ್ಲ. ಹರಿದು ಅರ್ಧ ಕೊಟ್ಟೆ. ಅವಳು ಮೆಟ್ಟಿಲು ಹತ್ತಿದಳು. ನಾನು ಆ ಮೆಟ್ಟಿಲನ್ನು ಅಷ್ಟು ವರ್ಷ ಕಾದಿದ್ದೆ, ತಿಕೀಟು ಕೊಂಡು ಹತ್ತಬಹುದು ಎಂಬುದು ನನ್ನ ತಲೆಗೆ ಒಂದು ದಿನವೂ ಬಂದಿರಲಿಲ್ಲ. ಹೊಟ್ಟೆ ಹೆಚ್ಚು ಉರಿದದ್ದು ಅದಕ್ಕೇ.

ಹಾಗೆ ಒಂದಿಷ್ಟು ಮ್ಯಾಟಿನಿಗಳಾದವು. ಅತ್ತೆಯ ಬಾಯಿಂದ ಸುದ್ದಿ ಶಹಾಪುರಕ್ಕೆ ಹೋಯಿತು. ಒಂದು ಮಧ್ಯಾಹ್ನ ಗೇಟಿನ ಮುಂದೆ ಜೀಪು ನಿಂತು ಗುರುಪಾದನ ತಾಯಿ ಇಳಿದಳು. ಎತ್ತರದ ಹೆಂಗಸು. ಕೊರಳಲ್ಲಿ ದಪ್ಪ ಸರ, ಕಣ್ಣು ನೇರ.

"ನೀನs ಏನು ಗೇಟ್ ಕಾಯಾಕಿ? ಇಲ್ಲಿ ನೀಲಿ ಸೀರಿ ಉಟ್ಕೊಂಡು ಒಬ್ಬ ಹುಡಿಗಿ ಬಾಲ್ಕನಿಗೆ ಬರ್ತಾಳಂತ. ಯಾದಗಿರಿ ಸಾಹೇಬ್ರ ಪೈಕಿ ಅಂತಾರ. ಯಾರಾಕಿ? ಖರೇ ಹೇಳು."

ನೋಡಿ, ಆ ಕ್ಷಣ ನನ್ನ ಬಾಯಿಗೆ ಬಂದು ನಿಂತಿತ್ತು. ಅವಳು ನಮ್ಮ ಕಸ ಹೊಡೆಯುವ ಹುಡುಗಿ, ಉಟ್ಟದ್ದು ನನ್ನ ಸೀರೆ. ಅಷ್ಟು ಅಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ, ಪಾಪವೂ ಅಲ್ಲ. ದೊಡ್ಡವರು ಕೇಳಿದರು, ಹೇಳಿದೆ, ಮುಗಿಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಸುಭದ್ರಾ ಬಂದಳು. ಬೆಳಗಿನ ಆಟದ ಶೇಂಗಾ ಸಿಪ್ಪೆಯ ಬುಟ್ಟಿ ಸೊಂಟದ ಮೇಲೆ, ಕೈಯಲ್ಲಿ ಕಸಬರಿಗೆ, ತಲೆಯ ತುಂಬ ಧೂಳು. ಜೀಪು ನೋಡಿದಳು, ಸರ ನೋಡಿದಳು, ಬುಟ್ಟಿ ಇಳಿಸಿದಳು.

"ಆಕಿ ನಾನs ರಿ" ಎಂದಳು.

"ಏನಂದಿ?"

"ನೀಲಿ ಸೀರಿಯಾಕಿ ನಾನರಿ. ಸೀರಿ ಈ ಅಕ್ಕಂದು. ಸಾಹೇಬ್ರು ಯಾರಂತ ನನಗ ಗೊತ್ತಿಲ್ರಿ. ಕಕ್ಕೇರಾದಾಕಿ. ಇಲ್ಲಿ ಕಸ ಹೊಡಿತೀನಿ, ಸೋಡಾ ಮಾರ್ತೀನಿ."

ಆ ತಾಯಿಯ ಮುಖ ಕಲ್ಲಾಯಿತು. "ನನ್ನ ಮಗಗ ಇದು ಗೊತ್ತೈತೇನು?"

"ಮೊದಲನೇ ದಿನದಿಂದ ಗೊತ್ತೈತ್ರಿ. ಅದಕ್ಕೂ ಮೊದಲs ಒಮ್ಮಿ ಅವರ ಬಿಳಿ ಅಂಗಿ ಮ್ಯಾಲೆ ಸೋಡಾ ಚೆಲ್ಲಿದ್ದೆ. ಅತ್ತಿಯವರು ಸಾಹೇಬ್ರ ಮಗಳಂತ ತಿಳಕೊಂಡಾಗ ಅವರು ನನ್ನ ನೋಡಿ ಗಪ್ಪ್ ಕೂತ್ರು. ನಾನೂ ಗಪ್ಪ್ ಕೂತೆ."

ನನಗೂ ಅದು ಅಂದೇ ಗೊತ್ತಾದದ್ದು. ಅಂದರೆ ಗುರುಪಾದ ಯಾವ ಸಾಹೇಬರ ಮಗಳನ್ನೂ ನೋಡಲು ಬರುತ್ತಿರಲಿಲ್ಲ. ಸೋಡಾದ ಹುಡುಗಿಯನ್ನೇ ನೋಡಲು ಬರುತ್ತಿದ್ದ. ಸೀರೆಯಿಂದ ಆದದ್ದು ಎಂದು ನಾನು ಒಳಗೊಳಗೇ ಹಿಡಿದುಕೊಂಡಿದ್ದ ಸಮಾಧಾನವೂ ಹೋಯಿತು. ಆ ಸೀರೆ ನಾನು ಉಟ್ಟು ಕೂತಿದ್ದರೂ ಏನೂ ಆಗುತ್ತಿರಲಿಲ್ಲ.

ತಾಯಿ ಜೀಪು ಹತ್ತಿದಳು. ಮರುದಿನ ಗುರುಪಾದನನ್ನು ಶಹಾಪುರಕ್ಕೆ ಕರೆಸಿಕೊಂಡರು. ಸುದ್ದಿ ಕೇಳಿ ಶ್ಯಾಮರಾಯರು ಸುಭದ್ರಾಳನ್ನು ಬಾಯಿಗೆ ಬಂದಂತೆ ಬೈದರು, ಆದರೆ ಕೆಲಸದಿಂದ ತೆಗೆಯಲಿಲ್ಲ. ಆ ರಾತ್ರಿ ನನಗೆ ಊಟ ರುಚಿಸಿತು ಎಂದು ಹೇಳಿದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ. ಸುಭದ್ರಾ ಅಳಲಿಲ್ಲ. ಕಸ ಹೊಡೆದಳು, ಸೋಡಾ ಮಾರಿದಳು. "ಯಾಕ ಹೇಳಿದಿ? ಗಪ್ಪ್ ಇದ್ರ ಆಗ್ತಿತ್ತಲ್ಲ" ಎಂದು ನಾನೇ ಒಂದು ದಿನ ಕೇಳಿದೆ.

"ನೀ ಹೇಳಾಕ ಬಾಯಿ ತೆರದಿದ್ದಿ ಅಕ್ಕಾ. ನಿನ್ನ ಬಾಯಿಂದ ಬರೋದಕ್ಕಿಂತ ನನ್ನ ಬಾಯಿಂದ ಬರಲಿ ಅನ್ಸಿತು" ಎಂದಳು. ಸಿಟ್ಟಿನಿಂದಲ್ಲ, ಬರಿಯ ವಿಷಯ ಹೇಳಿದ ಹಾಗೆ.

ಸುಗ್ಗಿ ಮುಗಿಯಿತು. ಬಳೆಗಾರ್ತಿ ಸಿನಿಮಾ ಹೋಗಿ ಬೇರೆ ಯಾವುದೋ ದೆವ್ವದ ಸಿನಿಮಾ ಬಂದಿತ್ತು. ಒಂದು ಮ್ಯಾಟಿನಿಗೆ ಗುರುಪಾದ ಒಬ್ಬನೇ ಬಸ್ಸಿನಲ್ಲಿ ಬಂದ. ಬಾಲ್ಕನಿ ತಿಕೀಟು ಕೊಳ್ಳಲಿಲ್ಲ. ಬೆಂಚಿನ ಸಾಲಿನಲ್ಲಿ ನಿಂತು, ಬೆಂಚಿನ ತಿಕೀಟು ಕೊಂಡು, ಹಮಾಲರ ನಡುವೆ ಮೋಟುಗೋಡೆಯ ಪಕ್ಕದಲ್ಲಿ ಕೂತ. ಮರುದಿನವೂ ಬಂದ. ಅದರ ಮರುದಿನವೂ. ಇಸ್ತ್ರಿ ಹಾಕಿದ ಅಂಗಿಯ ಮೇಲೆ ಯಾರದೋ ಎಲೆಯಡಿಕೆಯ ಎಂಜಲು ಬಿದ್ದರೂ ಏಳಲಿಲ್ಲ. ಸಿನಿಮಾ ನೋಡುವುದೂ ಇಲ್ಲ, ಪರದೆಯ ಆಚೆ ಸುಭದ್ರಾ "ಸೋಡಾ, ಶೇಂಗಾ" ಎಂದು ಕೂಗುವುದನ್ನು ಕೇಳುತ್ತ ಕೂರುವುದು.

ಶ್ಯಾಮರಾಯರು ಕೈ ಮುಗಿದರು. "ಸಾವುಕಾರ್ರs, ಮ್ಯಾಲೆ ಬರ್ರಿ. ರೊಕ್ಕ ಬ್ಯಾಡ. ನೀವು ಇಲ್ಲಿ ಕೂತ್ರ ನನ್ನ ಇಜ್ಜತ್ ಹೋಗತೈತಿ."

"ನಾ ಬೆಂಚಿನ ತಿಕೀಟು ತಗೊಂಡೀನ್ರಿ. ಬೆಂಚಿನ ಮ್ಯಾಲೆ ಕೂತೀನಿ. ಇದರಾಗ ತಪ್ಪೇನೈತಿ?" ಎಂದ ಗುರುಪಾದ.

ಊರು ನಗತೊಡಗಿತು. ಸಿನಿಮಾ ಬಿಟ್ಟು ಅವನನ್ನು ನೋಡಲು ಜನ ತಿಕೀಟು ತೆಗೆದುಕೊಂಡು ಬಂದರು. ಹತ್ತಿ ವ್ಯಾಪಾರಿಗಳ ಬಾಯಲ್ಲಿ ಸುದ್ದಿ ಶಹಾಪುರಕ್ಕೆ ಹೋಯಿತು, ಅಲ್ಲಿಂದ ಯಾದಗಿರಿಯ ಅಡತಿ ಅಂಗಡಿಗಳಿಗೆ ಹೋಯಿತು. ಕಡೆಗೆ ಅವನ ತಂದೆಯೇ ಬಂದರು. ಮಗ ಹಮಾಲನೊಬ್ಬನ ಜೊತೆ ಶೇಂಗಾ ಹಂಚಿಕೊಂಡು ತಿನ್ನುತ್ತಿರುವುದನ್ನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಶ್ಯಾಮರಾಯರ ಕಡೆ ತಿರುಗಿ, "ಮಗ ಬೆಂಚಿನ್ಯಾಗ ಕೂಡೋದಕ್ಕಿಂತ ಸೊಸಿ ಬಾಲ್ಕನ್ಯಾಗ ಕೂಡೋದು ವಾಸಿ. ಆ ಹುಡುಗಿ ತಾಯಿನ ಕರಸ್ರಿ" ಎಂದರು.

ಜಾತಿ ಎರಡೂ ಕಡೆ ಒಂದೇ ಇತ್ತು. ಅದೂ ಬೇರೆಯಾಗಿದ್ದರೆ ಆ ತಂದೆ ಆ ಮಾತು ಆಡುತ್ತಿರಲಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಸಿನಿಮಾದವರು ಇಂಥದನ್ನು ತೋರಿಸುವುದಿಲ್ಲ, ಗೇಟಿನಲ್ಲಿ ನಿಂತವರಿಗೆ ಕಾಣುತ್ತದೆ.

ಲಗ್ನ ಶಹಾಪುರದಲ್ಲಿ ಆಯಿತು. ನಾವೆಲ್ಲ ಹೋಗಿ ಹೋಳಿಗೆ ಉಂಡು ಬಂದೆವು. ಬರುವಾಗ ಬಸ್ಸಿನಲ್ಲಿ ಹಣಮಂತ ನನ್ನ ಮುಖ ನೋಡಿ ನೋಡಿ, "ಏನಾತ ನಿನಗ?" ಎಂದ.

"ಒಬ್ಬಾಕಿ ಸಲುವಾಗಿ ಒಬ್ಬಾಂವ ಬೆಂಚಿನ್ಯಾಗ ಕೂತ ನೋಡು" ಎಂದೆ.

"ನಾನೂ ಕೂತೀನಲ್ಲ. ದಿನಾ ಪೋಸ್ಟರ್ ಹಚ್ಚಿ ಬಂದು, ನಿನ್ನ ಕೆಲಸ ಮುಗಿಯೋತನಕ ಅದs ಗ್ವಾಡಿ ಬಾಜೂಕ ಕುಂದರ್ತೀನಿ. ಎಷ್ಟು ವರ್ಷಾತು?"

"ಬೆಂಚಿನಾಂವ ಬೆಂಚಿನ್ಯಾಗ ಕೂತ್ರ ಯಾರು ನೋಡ್ತಾರ?" ಎಂದುಬಿಟ್ಟೆ. ಅವನು ಕಿಟಕಿಯ ಕಡೆ ತಿರುಗಿ ಕೂತ. ಸುರಪುರ ಬರುವವರೆಗೆ ಹತ್ತಿಯ ಹೊಲಗಳನ್ನೇ ನೋಡಿದ. ಮರುದಿನ ಸಂಜೆ ಎಂದಿನಂತೆ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದ.

ಲಗ್ನವಾದ ಕೆಲವು ತಿಂಗಳಿಗೆ ಸುಭದ್ರಾ ಗಂಡನ ಜೊತೆ ಸಿನಿಮಾಕ್ಕೆ ಬಂದಳು. ಜೀಪಿನ ಬಾಗಿಲು ತೆರೆಯಲು ಶ್ಯಾಮರಾಯರೇ ಓಡಿದರು. ಬೆಂಚಿನ ಹೆಂಗಸರು ಸಾಲು ಬಿಟ್ಟು ದಾರಿ ಕೊಟ್ಟರು. ಅವಳು ನನ್ನ ಮುಂದೆ ಬಂದು, ಮೊದಲಿನಂತೆಯೇ ತಿಕೀಟು ಚಾಚಿ, "ಆರಾಮ ಇದ್ದೀ ಅಕ್ಕಾ?" ಎಂದಳು. ಅವಳ ಕೈಯಲ್ಲಿ ಬಂಗಾರದ ಬಳೆ ಇತ್ತು. ಉಗುರಿನ ಸಂದಿಯ ಕಪ್ಪು ಇನ್ನೂ ಪೂರ್ತಿ ಹೋಗಿರಲಿಲ್ಲ. ನಾನು ಮೊದಲು ನೋಡಿದ್ದು ಉಗುರನ್ನೇ. "ಆರಾಮ್ರಿ" ಎಂದೆ. ಆ 'ರಿ' ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಅವಳಿಗೂ ಅದು ತಟ್ಟಿತು. ಮೆಟ್ಟಿಲು ಹತ್ತುವಾಗ ಒಮ್ಮೆ ತಿರುಗಿ ನೋಡಿದಳು. ಅಂದಿನಿಂದ ನಾನು ಅವಳಿಗೆ ರಿ ಹಚ್ಚಿಯೇ ಮಾತಾಡಿದೆ. ಅವಳು ನನಗೆ ಅಕ್ಕಾ ಎನ್ನುವುದನ್ನು ಬಿಡಲಿಲ್ಲ.

ಆಮೇಲೆ ಕೆಲಸವೇ ಬದಲಾಗುತ್ತ ಹೋಯಿತು. ಮನೆಮನೆಗೆ ಟಿವಿ ಬಂತು. ಹಳ್ಳಿಯಿಂದ ಟ್ರ್ಯಾಕ್ಟರು ಬರುವುದು ನಿಂತಿತು. ಮೋಟುಗೋಡೆ ಒಡೆದು ಪರದೆ ತೆಗೆದರು. ಗಂಡ ಹೆಂಡತಿ ಒಟ್ಟಿಗೇ ಕೂರತೊಡಗಿದರು. ಅದು ಒಳ್ಳೆಯದೇ. ಆದರೆ ಲೇಡೀಸ್ ಗೇಟಿಗೆ ಬೀಗ ಬಿತ್ತು, ನನ್ನನ್ನು ದೊಡ್ಡ ಗೇಟಿಗೆ ಹಾಕಿದರು. ಅಲ್ಲಿ ನನ್ನ ದನಿಗೆ ಹೆದರುವವರು ಇರಲಿಲ್ಲ. ಬೆಂಚು ಹೋಗಿ ಪ್ಲಾಸ್ಟಿಕ್ ಕುರ್ಚಿ ಬಂದವು. ರೀಲಿನ ಡಬ್ಬಿಗಳು ಹೋಗಿ, ಸಿನಿಮಾ ಆಕಾಶದಿಂದಲೇ ಬರುತ್ತದೆ ಎಂದರು. ಶ್ಯಾಮರಾಯರು ತೀರಿಹೋದರು. ಕೊನೆಕೊನೆಗೆ ಇಡೀ ಟಾಕೀಸಿನಲ್ಲಿ ನಾಲ್ಕು ಜನ, ಅವರ ಮೇಲೆ ಪಾರಿವಾಳಗಳು. ಮಾಲೀಕರು ಮಾರಲು ಹೊರಟರು.

ಕೊಂಡವರು ಗುರುಪಾದ ಮತ್ತು ಸುಭದ್ರಾ. ಒಳಗಿನ ಇಳಿಜಾರು ನೆಲವನ್ನು ಸಮ ಮಾಡಿ, ಲಗ್ನ ಮಾಡುವ ಫಂಕ್ಷನ್ ಹಾಲ್ ಕಟ್ಟಿಸಿದರು. ಅವಳ ಗಂಡ ಹಳೆಯ ಕೆಲಸದವರ ಲೆಕ್ಕ ಮುಗಿಸಿ ಕಳಿಸುವುದರಲ್ಲಿದ್ದ. ಅವಳು, "ನಾಗಕ್ಕ ಇರಬೇಕು. ಹೆಣ್ಣಿನ ಕಡಿಯವರ ಖೋಲಿ, ಊಟದ ಬಾಗಲ, ಎಲ್ಲಾ ಆಕಿನ ನೋಡ್ಲಿ" ಎಂದಳು. ನಾನು ಕಲಿಸಿದ ಹುಡುಗಿಯ ಕೈಯಿಂದ ತಿಂಗಳಿಗೊಮ್ಮೆ ಪಗಾರ ತೆಗೆದುಕೊಳ್ಳುವ ಗತಿ ಬಂತು. ಬೇಡವೆನ್ನಲು ಮನೆಯ ಪರಿಸ್ಥಿತಿ ಇರಲಿಲ್ಲ. ಹೊಸ ಮದುಮಗಳೊಬ್ಬಳು ಸುಭದ್ರಾಳನ್ನು ನೋಡಿ ತನ್ನ ಗೆಳತಿಗೆ, "ನೋಡಿದ್ರ ಗೊತ್ತಾಗತೈತಿ ನೋಡು, ಹುಟ್ಟಾ ಸಾವುಕಾರ್ತಿ" ಎಂದದ್ದು ನನ್ನ ಕಿವಿಗೆ ಬಿತ್ತು. ಅಂದು ಇಡೀ ದಿನ ನನ್ನ ಬಾಯಿ ಕಹಿಯಾಗಿತ್ತು.

ಹಾಗೆ ಕೆಲವು ವರ್ಷ. ಮೊಣಕಾಲು ಹಿಡಿದು, ನಿಲ್ಲಲು ಆಗದೆ, ನಾನೇ ಸಾಕು ಎಂದೆ. ಕೊನೆಯ ದಿನ ಹಾಲಿನಲ್ಲಿ ಯಾರದೋ ಲಗ್ನದ ಊಟ ಮುಗಿದಿತ್ತು. ಹುಡುಗರು ಶಾಮಿಯಾನಾ ಬಿಚ್ಚುತ್ತಿದ್ದರು. ಸುಭದ್ರಾ ನನಗೆ ಶಾಲು ಹೊದಿಸಿ, ಊಟಕ್ಕೆ ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ನಮ್ಮಿಬ್ಬರನ್ನು ಬಿಟ್ಟು ಪಂಕ್ತಿಯಲ್ಲಿ ಯಾರೂ ಇರಲಿಲ್ಲ. ಅನ್ನಕ್ಕೆ ಸಾರು ಕಲಸುತ್ತ ಕೂತಿದ್ದೆ. ಇನ್ನು ಇವಳ ಪಗಾರದ ಹಂಗಿಲ್ಲ ಎಂದು ಹೊಳೆಯಿತು. ಬಾಯಿ ತಾನೇ ತೆರೆಯಿತು.

"ಒಂದು ಮಾತು ಹೇಳಿ ಹೋಗ್ತೀನಿ ಸುಭದ್ರಾ. ನಿನ್ನ ಕಂಡ್ರ ನನಗ ಹೊಟ್ಟಿಕಿಚ್ಚು. ಇವತ್ತಿನ ತನಕಾ ಹೋಗಿಲ್ಲ."

ಎಷ್ಟೋ ವರ್ಷದ ಮೇಲೆ ರಿ ಬಿಟ್ಟು ಮಾತಾಡಿದ್ದೆ. ಅವಳು ಬೆಚ್ಚಲಿಲ್ಲ. ಎಲೆಯ ಮೇಲಿನ ಬದನೆಕಾಯಿಯನ್ನು ನನ್ನ ಎಲೆಗೆ ಸರಿಸಿದಳು, ನನಗೆ ಅದು ಸೇರುತ್ತದೆಂದು ಅವಳಿಗೆ ಗೊತ್ತು.

"ಗೊತ್ತೈತಿ ಬಿಡಕ್ಕಾ. ನಿನ್ನ ಮಾರಿಗೆ ಮುಚ್ಚಿಡಾಕ ಎಲ್ಲಿ ಬರತೈತಿ? ಅದಕ್ಕs ನಾ ನಿನ್ನ ಬಿಡಲಿಲ್ಲ."

"ಅಂದ್ರ?"

"ಶಹಾಪುರದ ಮನ್ಯಾಗ ನಾ ಏನು ಮಾಡಿದ್ರೂ ಅವರಿಗೆ ಇನ್ನೂ ಕಸಬರಿಗಿಯಾಕಿನ. ಈ ಹಾಲಿಗೆ ಬರೋ ಮಂದಿಗೆ ನಾ ಹುಟ್ಟಾ ಸಾವುಕಾರ್ತಿ. ನಾ ಎಲ್ಲಿಂದ ಎಲ್ಲಿಗೆ ಬಂದೀನಿ ಅಂಬೋದು ಇಬ್ಬರಿಗೂ ಕಾಣಂಗಿಲ್ಲ. ನೀ ಒಬ್ಬಾಕಿ ನನ್ನ ನೋಡಿ ಹೊಟ್ಟಿ ಉರ್ಕೊಂತಿ ನೋಡು, ಆವಾಗ ನನಗ ಅನಸ್ತೈತಿ, ಹೌದು, ನಾ ಖರೇನ ಬಂದೀನಿ ಅಂತ. ನಾಳೆಯಿಂದ ಯಾರ ಮಾರಿ ನೋಡ್ಲಿ ನಾನು?"

ಉಂಡು ಕೈ ತೊಳೆದುಕೊಂಡೆ. ಹೊರಗೆ ಹಣಮಂತ ಕಟ್ಟೆಯ ಮೇಲೆ ಕಾಯುತ್ತಿದ್ದ, ಇಬ್ಬರೂ ಮನೆಯ ಕಡೆ ನಡೆದೆವು. ಮೊಣಕಾಲು ನೋಯುತ್ತಿತ್ತು. ಅವನು ಏನಂದಳು, ಏನಂದಳು ಎಂದು ಕೇಳುತ್ತಲೇ ಇದ್ದ. ನಾನು ಹೇಳಲಿಲ್ಲ. ಏಳನೇ ಇಯತ್ತೆ ಓದಿದವಳು ನಾನು. ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟವಳೂ ನಾನೇ. ಅದರ ಬಗ್ಗೆ ಅಷ್ಟು ಚೆಂದದ ಮಾತು ಅವಳ ಬಾಯಲ್ಲಿ ಬಂತಲ್ಲ ಎಂದು ಮನೆ ಮುಟ್ಟುವವರೆಗೂ ಹೊಟ್ಟೆ ಉರಿಯುತ್ತಲೇ ಇತ್ತು.